ಟ್ರಾಲಿ ಬಸ್ಸಿನ ಬಿಲ್ಯಾನಾಳ ಹಟ

ಬಲ್ಗೇರಿಯಾದ ಪ್ಲೆವೆನ್ ಊರಿನಲ್ಲಿ, ಮೇಲಿನ ಕರೆಂಟು ತಂತಿಗೆ ತಗುಲಿಕೊಂಡು ಓಡುವ ಏಳನೇ ನಂಬರಿನ ಟ್ರಾಲಿ ಬಸ್ಸಿನಲ್ಲಿ ನಾನು ಇಪ್ಪತ್ತಾರು ವರ್ಷ ಟಿಕೆಟ್ ಹರಿದಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಸ್ಟಿಯರಿಂಗ್ ಹಿಡಿದವಳು ಬಿಲ್ಯಾನಾ. ಹೆಂಗಸು ಡ್ರೈವರ್ ಆಗುವುದು ನಮ್ಮ ಡಿಪೋದಲ್ಲಿ ಹೊಸತೇನಲ್ಲ, ಆದರೆ ಅಂಥ ಬಾಯಿಯ ಡ್ರೈವರ್ ಅವಳೊಬ್ಬಳೇ. ದಾರಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಮನೆಗೆ ಹೋಗಿದ್ದ ಒಬ್ಬ ಮಹಾಶಯನನ್ನು ಮೂರನೇ ಮಹಡಿಯಿಂದ ಬನಿಯನ್ನಿನಲ್ಲೇ ಕೆಳಗಿಳಿಸಿದವಳು ಅವಳು. ಅದೂ ಹಾರ್ನ್ ಹೊಡೆಯದೆ, ಬರೀ ಗಂಟಲಿನಿಂದ. ನನಗೆ ಅವಳು ಮೊದಲ ದಿನವೇ ಹಿಡಿಸಿದಳು.

ಗಂಡ ಕಾಮೆನ್ ನಮ್ಮ ಡಿಪೋದಲ್ಲೇ ವೆಲ್ಡಿಂಗ್ ಕೆಲಸದವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನ ಅಮ್ಮ ಗಾನಾ ಮೂವತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ಸೂಲಗಿತ್ತಿಯಾಗಿದ್ದು ನಿವೃತ್ತಳಾದವಳು. ಊರಿಗೆಲ್ಲ ಗಾನಜ್ಜಿ. ನನ್ನ ಎರಡು ಮಕ್ಕಳೂ ಅವಳ ಕೈಗೇ ಬಿದ್ದವರು. ಊರಿನವರ ಮಕ್ಕಳನ್ನೆಲ್ಲ ಹಿಡಿದೆತ್ತಿದ ಗಾನಜ್ಜಿಗೆ ಸ್ವಂತ ಮೊಮ್ಮಗು ಇರಲಿಲ್ಲ. ಬಿಲ್ಯಾನಾಳ ಮದುವೆಯಾಗಿ ಆರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ.

ಏಳನೇ ವರ್ಷ ಅವಳಿಗೆ ಮುಟ್ಟು ನಿಂತಿತು.

ನಮ್ಮಲ್ಲಿ ಜನವರಿ ಇಪ್ಪತ್ತೊಂದು ಅಂದರೆ ಸೂಲಗಿತ್ತಿ ಹಬ್ಬ. ಹೆಂಗಸರದ್ದೇ ಹಬ್ಬ, ಗಂಡಸರಿಗೆ ಪ್ರವೇಶವಿಲ್ಲ. ದಾರಿ ತಪ್ಪಿ ಒಳಗೆ ಬಂದವನ ಪ್ಯಾಂಟು ಹೊರಗೆ ಹೋಗುವಾಗ ಮೈಮೇಲೆ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಡಿಪೋದ ಹೆಂಗಸರೆಲ್ಲ ಸೇರಿ ಒಂದು ಹೋಟೆಲಿನ ಹಾಲ್ ಹಿಡಿದಿದ್ದೆವು. ಗಾನಜ್ಜಿಯನ್ನು ನಡುವೆ ಕೂರಿಸಿ, ಹೆತ್ತವರೆಲ್ಲ ಸಾಲಾಗಿ ಬಂದು ಅವಳ ಕೈಗೆ ನೀರು ಹೊಯ್ದು, ಸೋಪು ಕೊಟ್ಟು, ಹೊಸ ಟವೆಲಿನಿಂದ ಒರೆಸಿದೆವು. ಆಮೇಲೆ ವೈನು, ಹಾಡು, ಗಂಡಂದಿರ ಬಗ್ಗೆ ಬರೆಯಬಾರದ ಮಾತು.

ಬಿಲ್ಯಾನಾ ಮೂಲೆಯಲ್ಲಿ ಬಿಳಿಚಿಕೊಂಡು ಕೂತಿದ್ದಳು. ಹತ್ತು ವಾರವಷ್ಟೇ ಆಗಿತ್ತು, ಆದರೆ ಬೆಳಿಗ್ಗೆಯಿಂದ ಸಂಜೆತನಕ ವಾಂತಿ. ಸ್ಕರ್ಟಿನ ಹುಕ್ಕು ಆಗಲೇ ಹಾಕಲು ಬರುತ್ತಿರಲಿಲ್ಲ. ಗಾನಜ್ಜಿ ಮೂರನೇ ಲೋಟದ ಹುಮ್ಮಸ್ಸಿನಲ್ಲಿ ಎದ್ದುಹೋಗಿ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಒತ್ತಿದಳು, ಅಳೆದಳು, ಕಣ್ಣು ಮುಚ್ಚಿ ಮತ್ತೆ ಅಳೆದಳು.

"ಹತ್ತು ವಾರಕ್ಕೆ ಇಷ್ಟು ಹೊಟ್ಟೆನಾ? ಅವಳಿ ಕಣ್ರೇ! ನನ್ನ ಕೈ ಮೂವತ್ತೆರಡು ವರ್ಷದಲ್ಲಿ ಸುಳ್ಳು ಹೇಳಿಲ್ಲ. ಅವಳಿ!"

"ಅತ್ತೆ, ಇನ್ನೂ ಸ್ಕ್ಯಾನೇ ಆಗಿಲ್ಲ," ಅಂದಳು ಬಿಲ್ಯಾನಾ.

"ಸ್ಕ್ಯಾನ್ ನನ್ನ ಕೇಳ್ಕೊಂಡು ಬರ್ಲಿ! ವಾಂತಿ ಡಬಲ್ಲು, ಹೊಟ್ಟೆ ಡಬಲ್ಲು, ಮಕ್ಕಳು ಸಿಂಗಲ್ಲಾ?"

ಇಡೀ ಹಾಲೇ ಕೂಗಿತು. ಲೋಟಗಳು ಒಡೆದವು. ನಮ್ಮಲ್ಲಿ ಬಸುರಿನ ಸುದ್ದಿಯನ್ನು ಇಷ್ಟು ಬೇಗ ಬಾಯಿಬಿಡುವ ರೂಢಿಯಿಲ್ಲ, ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಆದರೆ ಸ್ವತಃ ಸೂಲಗಿತ್ತಿಯೇ ಸಾರಿದ ಮೇಲೆ ತಡೆಯುವವರು ಯಾರು? ಮಾರನೆಯ ದಿನ ಬಸ್ಸಿನಲ್ಲಿ ಟಿಕೆಟ್ ಜೊತೆ ಆ ಸುದ್ದಿಯನ್ನೂ ಹಂಚಿದವಳು ನಾನೇ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹನ್ನೊಂದು ದಿನಗಳಾದ ಮೇಲೆ, ಮಾರ್ಕೆಟ್ ಸ್ಟಾಪ್ ದಾಟುವಾಗ ಬಿಲ್ಯಾನಾಗೆ ರಕ್ತ ಹೋಗತೊಡಗಿತು. ಯಾರಿಗೂ ಹೇಳದೆ ಕೊನೆಯ ಸ್ಟಾಪಿನವರೆಗೂ ಬಸ್ಸು ಓಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಜನರೆಲ್ಲ ಇಳಿದ ಮೇಲೆ ನನ್ನನ್ನು ಕರೆದಳು. ಸೀಟು ನೋಡಿದವಳೇ ನನ್ನ ಕೋಟನ್ನು ಅವಳ ಸೊಂಟಕ್ಕೆ ಸುತ್ತಿ ಆಸ್ಪತ್ರೆಗೆ ಕರೆದೊಯ್ದೆ.

ಅವಳಿಯೂ ಇಲ್ಲ, ಒಂದೂ ಇಲ್ಲ. ಸ್ಕ್ಯಾನಿನಲ್ಲಿ ಮಗುವೇ ಇರಲಿಲ್ಲ. ಮಗುವಿಗೆ ಆಹಾರ ಕೊಡಬೇಕಾದ ಮಾಸು ಮಾತ್ರ ಲಂಗುಲಗಾಮಿಲ್ಲದೆ ಬೆಳೆದು, ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳಾಗಿ ಗರ್ಭವನ್ನೆಲ್ಲ ತುಂಬಿತ್ತು. ಹೊಟ್ಟೆ ದೊಡ್ಡದಾಗಿದ್ದು ಅದಕ್ಕೆ, ವಾಂತಿಯೂ ಅದಕ್ಕೇ. ಡಾಕ್ಟರ್ ಹಾಜಿಯೆವಾ ಅರ್ಥವಾಗಲಿ ಅಂತ ದ್ರಾಕ್ಷಿ ಗೊಂಚಲಿನ ಹಾಗೆ ಅಂದರು. ಆ ವರ್ಷ ಬಿಲ್ಯಾನಾ ದ್ರಾಕ್ಷಿ ಮುಟ್ಟಲಿಲ್ಲ.

ಎಲ್ಲ ತೆಗೆದು ಸ್ವಚ್ಛ ಮಾಡಿದರು. ಆಮೇಲೆ ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಬಸುರಿಯರ ರಕ್ತದಲ್ಲಿ ಇರುವ ಹಾರ್ಮೋನು ಅವಳ ರಕ್ತದಲ್ಲಿ ಇಳಿದು ಇಳಿದು ಇಲ್ಲವಾಗಬೇಕಿತ್ತು. ಮಾರ್ಚ್ ತಿಂಗಳೆಲ್ಲ ಇಳಿಯಿತು. ಏಪ್ರಿಲ್‌ನಲ್ಲಿ ನಿಂತಿತು, ಆಮೇಲೆ ಏರತೊಡಗಿತು. ಒಳಗೆ ಉಳಿದುಹೋದ ಚೂರು ಗರ್ಭದ ಗೋಡೆಗೆ ಬೇರು ಬಿಟ್ಟು ಗಡ್ಡೆಯಾಗಿತ್ತು.

ಹಾಜಿಯೆವಾ ನೇರ ಮಾತಿನ ಹೆಂಗಸು. "ಇದು ಕ್ಯಾನ್ಸರಿನ ಜಾತಿನೇ, ಆದ್ರೆ ಮಾತು ಕೇಳೋ ಜಾತಿ. ಕೀಮೋ ಇಂಜೆಕ್ಷನ್ ಕೊಟ್ರೆ ಹೆಚ್ಚುಕಮ್ಮಿ ಎಲ್ಲರಿಗೂ ವಾಸಿಯಾಗುತ್ತೆ. ಗರ್ಭನೂ ಉಳಿಯುತ್ತೆ, ಮುಂದೆ ಮಕ್ಕಳೂ ಆಗ್ತಾರೆ. ಮಕ್ಕಳೇ ಬೇಡ ಅನ್ನೋರಿಗೆ ಗರ್ಭಕೋಶ ತೆಗೆದುಬಿಡೋದೂ ಒಂದು ದಾರಿ. ನಿಂಗೆ ಮೂವತ್ತನಾಲ್ಕು. ನಾನು ಭರವಸೆ ಕೊಡಬಲ್ಲೆ, ಆಣೆ ಇಡೋಕೆ ಆಗಲ್ಲ. ಯೋಚನೆ ಮಾಡಿ ಹೇಳು."

ಅವಳು ಯೋಚಿಸುವ ಮೊದಲೇ ಗಾನಜ್ಜಿ ಯೋಚಿಸಿ ಆಗಿತ್ತು. ಆ ಹೊತ್ತಿಗೆ ಅಜ್ಜಿ ಅರ್ಧ ಆಗಿದ್ದಳು. ಬೇಕರಿಯ ಕ್ಯೂನಲ್ಲಿ ಹೆಂಗಸರು ಅವಳಿಗೆ ಕೇಳಿಸುವ ಹಾಗೇ ಗುಸುಗುಸು ಅನ್ನುತ್ತಿದ್ದರು. ಹಬ್ಬದ ದಿನ ಸಾರಿ ದೃಷ್ಟಿ ಮಾಡಿದವಳು ಇವಳೇ ಅಂತ ಕೆಲವರು, ಬಸುರಿಗೂ ಗಡ್ಡೆಗೂ ವ್ಯತ್ಯಾಸ ಗೊತ್ತಾಗದವಳು ಎಂಥ ಸೂಲಗಿತ್ತಿ ಅಂತ ಉಳಿದವರು. ಒಂದು ದಿನ ನಾನಿದ್ದಾಗಲೇ ಗಾನಜ್ಜಿ ಬಿಲ್ಯಾನಾಳ ಅಡುಗೆಮನೆಗೆ ಬಂದು ಅವಳ ಎದುರು ಕೂತಳು.

"ತೆಗೆಸಿಬಿಡು, ಹುಡುಗಿ. ನಂಗೆ ಮೊಮ್ಮಗು ಬೇಡ. ನೀನಿದ್ರೆ ಸಾಕು."

"ನಿಮಗೆ ಬೇಡ್ದೇ ಇರಬಹುದು ಅತ್ತೆ. ನಂಗೆ ಬೇಕು."

"ಹಟ ಮಾಡಬೇಡ. ಸತ್ತೋದ್ರೆ ಯಾವ ಮಗು, ಯಾರ ಮಗು?"

"ಸಾಯಲ್ಲ ಅಂತ ಡಾಕ್ಟ್ರು ಹೇಳಿದಾರೆ. ನೀವು ಅವಳಿ ಅಂದಾಗ ಊರೆಲ್ಲ ನಂಬ್ತು. ಡಾಕ್ಟ್ರು ವಾಸಿಯಾಗುತ್ತೆ ಅಂದ್ರೆ ನೀವೊಬ್ರು ನಂಬಲ್ವಾ?"

ತೀರ ಚುಚ್ಚಿದ ಮಾತು. ಗಾನಜ್ಜಿಯ ಮುಖ ಕಪ್ಪಿಟ್ಟಿತು. ಬಿಲ್ಯಾನಾಗೂ ಗೊತ್ತಾಯಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಎದ್ದು ಅತ್ತೆಗೆ ಕಾಫಿ ಮಾಡಿದಳು, ಅಷ್ಟೆ.

ಹೀಗೆ ಇಂಜೆಕ್ಷನ್ ಶುರುವಾಯಿತು. ಒಂದು ವಾರ ದಿನ ಬಿಟ್ಟು ದಿನ ಸೂಜಿ, ಮರುವಾರ ಬಿಡುವು. ಕೂದಲು ಉದುರಲಿಲ್ಲ, ಆದರೆ ಬಾಯಿ ತುಂಬ ಹುಣ್ಣು, ಬೆಳಕು ಕಂಡರೆ ಕಣ್ಣು ಉರಿ. ಎಂಥ ಬಾಯಿಯವಳು ನೋಡಿ, ಅದೇ ಬಾಯಿ ಬಿಡಲಾಗದೆ ಕೈಸನ್ನೆ ಮಾಡುವ ಹಾಗಾಯಿತು. ಗಾನಜ್ಜಿ ದಿನವೂ ಮೊಸರಿಗೆ ಸೌತೆಕಾಯಿ ತುರಿದು ಹಾಕಿ ತಣ್ಣನೆ ಸೂಪು ಮಾಡಿ, ಬೆಳ್ಳುಳ್ಳಿ ಹಾಕದೆ, ಬಾಗಿಲ ಬಳಿ ಇಟ್ಟು ಹೋಗುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ.

ಆಸ್ಪತ್ರೆಗೆ ಬಿಲ್ಯಾನಾ ಹೋಗುತ್ತಿದ್ದದ್ದು ನಮ್ಮ ಏಳನೇ ನಂಬರಿನಲ್ಲೇ. ಕಪ್ಪು ಕನ್ನಡಕ ಹಾಕಿಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಬದಲಿ ಡ್ರೈವರ್ ಆಸೆನ್‌ನ ಬ್ರೇಕ್ ಹಾಕುವ ರೀತಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಖಾಯಂ ಪ್ರಯಾಣಿಕರು ಟಿಕೆಟ್ ಕೇಳುವ ಮೊದಲು "ಎಷ್ಟಂತೆ?" ಅಂತ ನನ್ನನ್ನು ಕೇಳುತ್ತಿದ್ದರು. ಹಾರ್ಮೋನಿನ ಲೆಕ್ಕ: ಎಂಟು ಸಾವಿರ. ಸಾವಿರದ ಒಂಬೈನೂರು. ಇನ್ನೂರ ನಲವತ್ತು. ಹನ್ನೆರಡು. ನಿವೃತ್ತ ಗಣಿತ ಮೇಷ್ಟ್ರು ಮೆತೋದಿ ಹಳೆಯ ಟಿಕೆಟ್ಟಿನ ಹಿಂದೆ ಗೆರೆ ಎಳೆದು, "ಇದು ಸರಿಯಾದ ಇಳಿಜಾರು," ಅಂತ ತೀರ್ಪು ಕೊಡುತ್ತಿದ್ದರು.

ಜೂನ್ ಕೊನೆಯ ಹೊತ್ತಿಗೆ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಿತು, ಅಂದರೆ ಇಲ್ಲವೆಂದೇ ಲೆಕ್ಕ. ಬೇರು ಸಮೇತ ಹೋಗಲಿ ಅಂತ ಇನ್ನೂ ಮೂರು ಸುತ್ತು ಕೊಟ್ಟು, ಆಗಸ್ಟ್ ಮೊದಲ ವಾರದಲ್ಲಿ ನಿಲ್ಲಿಸಿದರು.

"ಇನ್ನು ಒಂದು ವರ್ಷ ಬಸುರಾಗೋ ಹಾಗಿಲ್ಲ," ಅಂದರು ಹಾಜಿಯೆವಾ. "ಬಸುರು ತಡೆಯೋ ಮಾತ್ರೆ ತಪ್ಪಿಸಬೇಡ. ತಿಂಗಳಿಗೊಮ್ಮೆ ರಕ್ತ ಕೊಡು. ರೋಗ ಮರುಕಳಿಸಿದ್ರೂ ಏರೋದು ಅದೇ ಹಾರ್ಮೋನು, ಬಸುರಾದ್ರೂ ಅದೇ. ನಡುವೆ ಏರಿದ್ರೆ ಯಾವುದು ಅಂತ ನಂಗೆ ಗೊತ್ತಾಗಲ್ಲ."

ಬಿಲ್ಯಾನಾ ಸೆಪ್ಟೆಂಬರ್‌ನಲ್ಲಿ ಸ್ಟಿಯರಿಂಗಿಗೆ ಮರಳಿದಳು. ತಿಂಗಳಿಗೊಮ್ಮೆ ರಕ್ತ, ತಿಂಗಳಿಗೊಮ್ಮೆ ಒಂದಕ್ಕಿಂತ ಕಡಿಮೆ. ನೋಡನೋಡುತ್ತ ಸೂಜಿ ನಿಂತು ಒಂಬತ್ತು ತಿಂಗಳಾಯಿತು. ಮೇ ಆರಕ್ಕೆ ಸಂತ ಜಾರ್ಜನ ಹಬ್ಬ ಬಂತು. ಆವತ್ತು ಕುರಿಮರಿಯ ಮಾಂಸ ತಿನ್ನದವನು ಬಲ್ಗೇರಿಯಾದವನೇ ಅಲ್ಲ. ಕಾಮೆನ್ ಇಡೀ ಮರಿಯನ್ನು ಬೇಯಿಸಿದ್ದ, ಬೇಯಿಸಿದ್ದು ಸಾಲದು, ಹಬ್ಬದ ಮಾರನೆಯ ದಿನವೂ ಫ್ರಿಜ್ಜಿಗಿಡದೆ ಹೊರಗೇ ಬಿಟ್ಟಿದ್ದ. ಅದನ್ನೇ ತಿಂದು ಬಿಲ್ಯಾನಾ ಮೂರು ದಿನ ಕಕ್ಕಿದಳು. ನುಂಗಿದ ಮಾತ್ರೆಯೂ ಅದರ ಜೊತೆಗೇ ಹೊರಟುಹೋಗಿದ್ದು ಯಾರ ತಲೆಗೂ ಹೊಳೆಯಲಿಲ್ಲ.

ಜೂನ್ ಹನ್ನೆರಡಕ್ಕೆ ರಕ್ತ ಕೊಟ್ಟಳು. ವರ್ಷ ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ. ಸಂಖ್ಯೆ ಮುನ್ನೂರ ಎಂಬತ್ತು.

ಕೊನೆಯ ಸ್ಟಾಪಿನಲ್ಲಿ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದಳು. ಬಸುರಾಗಿದ್ದರೂ ಸ್ಕ್ಯಾನಿನಲ್ಲಿ ಈಗಲೇ ಕಾಣುವುದಿಲ್ಲವಂತೆ. ಎರಡು ದಿನ ಬಿಟ್ಟು ಮತ್ತೆ ರಕ್ತ ನೋಡಿದರೆ ಎಂಟುನೂರಕ್ಕೆ ಏರಿತ್ತಂತೆ. ಹತ್ತು ದಿನ ಕಾದು ಮತ್ತೆ ಸ್ಕ್ಯಾನ್. ಗರ್ಭದಲ್ಲಿ ಮಗು ಕಂಡರೆ ಸರಿ. ಕಾಣದಿದ್ದರೆ ಮತ್ತೆ ಸೂಜಿ, ಈ ಸಲ ಜೋರಿನವು. ಗರ್ಭಕೋಶ ತೆಗೆಯುವ ಮಾತೂ ಮತ್ತೆ ಬರುತ್ತದೆ.

"ಏನಂತ ಬೇಡ್ಕೊಳ್ಳೋದು ಅಂತ್ಲೇ ಗೊತ್ತಾಗ್ತಿಲ್ಲ ಪೆನ್ಕಕ್ಕ," ಅಂದಳು. "ನಂಬರ್ ಏರ್ಲಿ ಅಂತ ಬೇಡ್ಕೊಂಡ್ರೆ ಮಗುಗೂ ಅದೇ, ರೋಗಕ್ಕೂ ಅದೇ. ಇಳೀಲಿ ಅಂದ್ರೆ ಮಗುನೇ ಹೋಗ್ಲಿ ಅಂದ ಹಾಗೆ."

"ಬೇಡ್ಕೊಳ್ಳೋದು ನಂಗೆ ಬಿಡು. ನೀನು ಬಸ್ ಓಡ್ಸು," ಅಂದೆ. ಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಕಾಮೆನ್ ತನ್ನ ದಿನದ ಹತ್ತು ಮಾತಿನಲ್ಲಿ ಎರಡನ್ನು ಅಮ್ಮನಿಗೆ ಖರ್ಚು ಮಾಡಿದ. ಮಾರನೆಯ ಬೆಳಿಗ್ಗೆಯೇ ಗಾನಜ್ಜಿ ನಮ್ಮ ಬಸ್ಸು ಹತ್ತಿದಳು. ಡ್ರೈವರ್ ಬಾಗಿಲಿಗೆ ಒರಗಿ ನಿಂತು, "ಅವತ್ತೇ ತೆಗೆಸಿದ್ರೆ..." ಅಂತ ಶುರುಮಾಡಿದಳಷ್ಟೆ.

ಬಿಲ್ಯಾನಾ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ತಿರುಗಿದಳು. "ಅತ್ತೆ, ಕೇಳಿ. ಸೂಜಿ ಅಂದ್ರೆ ಸೂಜಿ, ತಗೋತೀನಿ. ತೆಗೀಲೇಬೇಕು ಅಂದ್ರೆ ಅದಕ್ಕೂ ಸಹಿ ಹಾಕ್ತೀನಿ. ಆದ್ರೆ ಈ ಹತ್ತು ದಿನ ನಂದು. ಹತ್ತು ದಿನ ನಾನು ಬಸುರಿ. ಯಾರೂ ಅಲ್ಲ ಅನ್ನೋ ಹಾಗಿಲ್ಲ, ಹೌದು ಅನ್ನೋ ಹಾಗೂ ಇಲ್ಲ. ಟಿಕೆಟ್ ತಗೊಂಡು ಕೂತ್ಕೊಳ್ಳಿ."

ಗಾನಜ್ಜಿ ನನ್ನ ಮುಖ ನೋಡಿದಳು. ನಾನು ಟಿಕೆಟ್ ಹರಿದು ಕೊಟ್ಟೆ. ಪಿಂಚಣಿದಾರರ ಪಾಸು ಅವಳ ಕೈಯಲ್ಲೇ ಇತ್ತು, ಆದರೂ ತಗೊಂಡಳು. ಆವತ್ತಿನಿಂದ ಹತ್ತೂ ದಿನ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿ, ಸೊಸೆಯ ಬೆನ್ನ ಹಿಂದಿನ ಸೀಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಗಾನಜ್ಜಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಪ್ಲೆವೆನ್ ಕಂಡದ್ದು ಅದೇ ಮೊದಲು.

ಹನ್ನೊಂದನೆಯ ದಿನ ಸ್ಕ್ಯಾನ್ ರೂಮಿಗೆ ಕಾಮೆನ್, ಗಾನಜ್ಜಿ, ನಾನು ಮೂವರೂ ನುಗ್ಗಿದೆವು. ಹಾಜಿಯೆವಾ ಮೂವರನ್ನೂ ಹೊರದಬ್ಬಿದರು, ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆ ಸಂದಿಯಲ್ಲಿ ಮೂರು ತಲೆ ಒಂದರ ಮೇಲೊಂದು. ಡಾಕ್ಟರ್ ಒಮ್ಮೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

ಆಮೇಲೆ ಪರದೆಯನ್ನು ಬಿಲ್ಯಾನಾಳ ಕಡೆ ತಿರುಗಿಸಿದರು. "ಇಲ್ನೋಡು. ಈ ಮಿಣಮಿಣ ಅಂತಿದೆಯಲ್ಲ, ಅದು ಹೃದಯ."

ಬಿಲ್ಯಾನಾ ಮೊಣಕೈ ಊರಿ ಎದ್ದು ನೋಡಿದಳು. ಒಂದೇ ಮಾತು ಕೇಳಿದಳು: "ಒಂದೇನಾ?"

"ನಾನೇನೂ ಹೇಳಿಲ್ಲಮ್ಮ!" ಅಂತ ಬಾಗಿಲ ಸಂದಿಯಿಂದ ಗಾನಜ್ಜಿ ಕೂಗಿದಳು.

ಹಾಜಿಯೆವಾ ನಗುತ್ತ ಬಾಗಿಲು ತೆರೆದರು. ನಾವು ಹೇಳಿದ್ದಕ್ಕಿಂತ ಸ್ವಲ್ಪ ಬೇಗ ಆಯಿತು, ಆದರೆ ಹೀಗಾದವರಲ್ಲೂ ಹೆಚ್ಚಿನವರಿಗೆ ಮಗು ಸರಿಯಾಗೇ ಹುಟ್ಟುತ್ತದೆ, ಕಣ್ಣಿಟ್ಟು ನೋಡಿಕೊಳ್ಳೋಣ ಅಂದರು ಡಾಕ್ಟರ್. ಗಡ್ಡೆಗೆ ಕೊಟ್ಟ ಮದ್ದು ಗರ್ಭವನ್ನು ಕೆಡಿಸಿಲ್ಲ ಅನ್ನುವುದು ಕಣ್ಣೆದುರೇ ಮಿಣುಕುತ್ತಿತ್ತು.

ಈ ಸಲ ಯಾರೂ ಸಾರಲಿಲ್ಲ. ಇಡೀ ಏಳನೇ ನಂಬರೇ ಕುರುಡಾಯಿತು. ಐದನೇ ತಿಂಗಳಲ್ಲಿ ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿಕೊಂಡರೂ ಯಾರಿಗೂ ಕಾಣಲಿಲ್ಲ, ಏಳನೇ ತಿಂಗಳಲ್ಲಿ ಕೋಟಿನ ಗುಂಡಿ ಹಾಕಲು ಬರದಿದ್ದಾಗಲೂ ಕಾಣಲಿಲ್ಲ. ಹೊಸದಾಗಿ ಹತ್ತಿದ ಒಬ್ಬಾಕೆ, "ಎಷ್ಟು ತಿಂಗಳು?" ಅಂತ ಬಾಯಿಬಿಟ್ಟದ್ದೇ ತಡ, ಮೆತೋದಿ ಮೇಷ್ಟ್ರು ಟೋಪಿ ತೆಗೆದು, "ಮೇಡಂ, ಚಳಿಗಾಲದಲ್ಲಿ ಜನ ಸ್ವಲ್ಪ ದಪ್ಪ ಆಗ್ತಾರೆ. ನಿಮ್ಮ ಸ್ಟಾಪು ಬಂತು ನೋಡಿ," ಅಂದರು. ಅವಳ ಸ್ಟಾಪು ಇನ್ನೂ ನಾಲ್ಕು ದೂರವಿತ್ತು.

ಫೆಬ್ರವರಿ ಹದಿನಾಲ್ಕಕ್ಕೆ ಹೆಣ್ಣುಮಗು ಹುಟ್ಟಿತು. ಮೂರು ಕಿಲೋ ಇನ್ನೂರು ಗ್ರಾಂ. ಎಲಿತ್ಸಾ ಅಂತ ಹೆಸರಿಟ್ಟರು.

ಆದರೆ ಬಿಲ್ಯಾನಾ ಸಂಭ್ರಮಕ್ಕೆ ಒಪ್ಪಲಿಲ್ಲ. ಮಗು ಹುಟ್ಟಿದರೆ ನೆಂಟರನ್ನು ಕರೆದು ರೊಟ್ಟಿ ಮುರಿದು ಜೇನು ಹಚ್ಚಿ ಹಂಚುವುದು ನಮ್ಮ ಪದ್ಧತಿ. ಒಮ್ಮೆ ಈ ಕಾಯಿಲೆಯಾದವರಿಗೆ ಹೆರಿಗೆಯಾದ ಆರು ವಾರಕ್ಕೆ ಇನ್ನೊಂದು ರಕ್ತ ಪರೀಕ್ಷೆ ಇರುತ್ತದೆ. ಮಗುವಿನ ಮಾಸಿನಿಂದಲೂ ಏನೂ ಉಳಿದಿಲ್ಲ ಅಂತ ಖಚಿತವಾಗಬೇಕು.

"ಆ ನಂಬರ್ ಬರ್ಲಿ. ಅಲ್ಲೀವರ್ಗೂ ಹಿಟ್ಟು ಕಲಸ್ಬೇಡಿ," ಅಂದಳು. ಗಾನಜ್ಜಿಯ ಅಡುಗೆಮನೆಯಲ್ಲಿ ಹಿಟ್ಟಿನ ಮೂಟೆ ಆರು ವಾರ ಬಿಚ್ಚದೆ ನಿಂತಿತು.

ಮಾರ್ಚ್ ಇಪ್ಪತ್ತೆಂಟು. ಬೆಳಿಗ್ಗೆ ರಕ್ತ ಕೊಟ್ಟಿದ್ದವಳು ಫಲಿತಾಂಶ ತರಲು ಮಧ್ಯಾಹ್ನ ಮತ್ತೆ ನಮ್ಮ ಬಸ್ಸನ್ನೇ ಹತ್ತಿದಳು. ಕೋಟಿನೊಳಗೆ ಮಗು, ಪಕ್ಕದಲ್ಲಿ ಗಾನಜ್ಜಿ. ಮಗುವನ್ನು ಇಣುಕಿ ನೋಡಿದವರೆಲ್ಲ, ದೃಷ್ಟಿ ತಾಗದಿರಲಿ ಅಂತ, ನಮ್ಮ ಪದ್ಧತಿಯಂತೆ "ಥೂ, ಥೂ, ಎಷ್ಟು ಕೆಟ್ಟದಾಗಿದೆ ಮಗು!" ಅಂತ ಹೊಗಳಿದರು. ಆಸ್ಪತ್ರೆಯ ಸ್ಟಾಪಿನಲ್ಲಿ ಇಬ್ಬರೂ ಇಳಿದು ಒಳಗೆ ಹೋದರು. ಆಸೆನ್ ಬಾಗಿಲು ಮುಚ್ಚಿ ಹೊರಡಲು ಅಣಿಯಾದ. ನಾನು ಹಿಂತಿರುಗಿ ನೋಡಿದೆ. ಮೂವತ್ತು ಜನ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಪೆನ್ಕಾ," ಅಂದರು ಮೆತೋದಿ ಮೇಷ್ಟ್ರು ಮೆಲ್ಲಗೆ, "ಬಸ್ಸು ಕೆಟ್ಟುಹೋಗೋದು ಉಂಟಲ್ವಾ?"

ನಾನು ಹಿಂಬಾಗಿಲಿನಿಂದ ಇಳಿದು, ಬಸ್ಸಿನ ಹಿಂದೆ ಇಳಿಬಿದ್ದಿರುವ ಎರಡು ಹಗ್ಗ ಹಿಡಿದು ಒಮ್ಮೆ ಜಗ್ಗಿದೆ. ಬಸ್ಸಿನ ನೆತ್ತಿಯಿಂದ ಕರೆಂಟು ತಂತಿಗೆ ತಾಗುವ ಎರಡೂ ಕೋಲುಗಳು ಕಳಚಿ ಬಂದವು. ಬಸ್ಸು ಸತ್ತುಬಿತ್ತು. ಟ್ರಾಲಿ ಬಸ್ಸಿನ ಪಾಡೇ ಹಾಗೆ, ಮುಂದಿನದು ನಿಂತರೆ ಹಿಂದಿನದಕ್ಕೆ ದಾಟಿಹೋಗಲು ದಾರಿಯಿಲ್ಲ, ಎಲ್ಲದಕ್ಕೂ ಒಂದೇ ತಂತಿ. ಐದು ನಿಮಿಷದಲ್ಲಿ ನಮ್ಮ ಹಿಂದೆ ಮೂರನೇ ನಂಬರು, ಅದರ ಹಿಂದೆ ಹನ್ನೆರಡು, ಅದರ ಹಿಂದೆ ಇನ್ನೊಂದು ಏಳು. ಹಾರ್ನೋ ಹಾರ್ನು. ಆಸೆನ್ ತಲೆ ಹೊರಹಾಕಿ, "ಯಾವ ದರಿದ್ರದೋನು ಕಳಚಿದ್ದು?" ಅಂತ ಕಿರುಚಿದ. "ಗಾಳಿ," ಅಂದೆ. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಬಿಲ್ಯಾನಾ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕಾಗದ. ನಾಲ್ಕು ಬಸ್ಸುಗಳ ಸಾಲನ್ನು ನೋಡಿ ಮೆಟ್ಟಿಲ ಮೇಲೇ ನಿಂತಳು. ನಾನು ರಸ್ತೆಯ ನಡುವಿನಿಂದಲೇ ಕೂಗಿದೆ: "ಎಷ್ಟೇ?"

"ಒಂದಕ್ಕಿಂತ ಕಮ್ಮಿ!" ಅವಳ ಹಳೆಯ ಗಂಟಲು, ಮೂರನೇ ಮಹಡಿಯವರೆಗೂ ಮುಟ್ಟುವ ಗಂಟಲು. "ಇನ್ನು ರಕ್ತ ಕೊಡೋಕೆ ಬರ್ಬೇಡ ಅಂದ್ರು! ಬೇಕಿದ್ರೆ ಇನ್ನೊಂದು ಹೆರೋಕೆ ಬಾ ಅಂದ್ರು!"

ಬಸ್ಸಿನಲ್ಲಿದ್ದವರೆಲ್ಲ ಹೋ ಅಂತ ಎದ್ದುನಿಂತರು. ಯಾಕೆ ಏನು ಅಂತ ಗೊತ್ತಿಲ್ಲದ ಹಿಂದಿನ ಬಸ್ಸುಗಳವರೂ ಇಳಿದು ಬಂದು ಚಪ್ಪಾಳೆ ತಟ್ಟಿದರು. ಗಾನಜ್ಜಿ ಹಿಟ್ಟು ಕಲಸಬೇಕು ಅಂತ ಒಂದೇ ಸಮನೆ ಅನ್ನುತ್ತಿದ್ದಳು, ಅಳುತ್ತಲೂ ಇದ್ದಳು. ನನಗೆ ಆವತ್ತು ಆದ ಸಂತೋಷ ನನ್ನ ಸ್ವಂತ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ ಅಂತ ಹೇಳಿದರೆ ಅವರು ಮುನಿಸಿಕೊಳ್ಳುತ್ತಾರೆ, ಆದರೆ ನಿಜ.

ಸಂಜೆ ಡಿಪೋದಲ್ಲಿ ಕಾಗದ ತುಂಬಬೇಕಾಯಿತು. ನಾಲ್ಕು ಬಸ್ಸು, ಹನ್ನೊಂದು ನಿಮಿಷ ತಡ. "ಕಾರಣ" ಅನ್ನುವ ಜಾಗದಲ್ಲಿ ಗಾಳಿ ಅಂತ ಬರೆಯಲು ಹೋದೆ. ಕೈ ಬರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಮ್ಮೆಯಾದರೂ ಆ ಜಾಗದಲ್ಲಿ ನಿಜ ಬರೆಯೋಣ ಅನ್ನಿಸಿ, "ಡ್ರೈವರ್ ಬಿಲ್ಯಾನಾಗೆ ಪೂರ್ತಿ ಗುಣವಾಗಿದೆ. ತಾಯಿ ಮಗು ಕ್ಷೇಮ" ಅಂತ ಬರೆದು ಕೊಟ್ಟೆ.

ಡಿಪೋ ಮುಖ್ಯಸ್ಥ ಓದಿದ. ನನ್ನ ಮುಖ ನೋಡಿ ಮತ್ತೊಮ್ಮೆ ಓದಿದ.

"ಪೆನ್ಕಾ, ಇದು ತಾಂತ್ರಿಕ ಕಾರಣ ಅಲ್ಲ."

"ಅಲ್ಲ ಸಾರ್."

ಅವನು ಡ್ರಾಯರ್ ಎಳೆದು ಡಿಪೋದ ದುಂಡನೆಯ ಸೀಲು ತೆಗೆದ, ಶಾಯಿಗೆ ಅದ್ದಿದ, ಆ ಸಾಲಿನ ಮೇಲೆ ಗಟ್ಟಿಯಾಗಿ ಒತ್ತಿದ.